ಐದು ನಿಮಿಷದ ಕಡಲು

ಜನವರಿ ೧೪, ಮಂಗಳವಾರ

ಗಾಳಿ ಆಗ್ನೇಯದಿಂದ, ನಾವಿಕರ ಬೊಫೋರ್ ಅಳತೆಯಲ್ಲಿ ಎಂಟು. ಹಡಗು ಬರಲಿಲ್ಲ.

ಹಡಗಿನ ಕೆಲಸ ಬಿಟ್ಟ ಮೇಲೆ ನಾನು ಏನನ್ನೂ ಬರೆದಿಟ್ಟವನಲ್ಲ. ಎಂಜಿನ್ ಕೋಣೆಯಲ್ಲಿದ್ದಾಗ ಪಾಳಿ ಮುಗಿದ ಕೂಡಲೇ ಬರೆಯಲೇಬೇಕಿತ್ತು: ಎಣ್ಣೆ ಎಷ್ಟಿದೆ, ಬಿಸಿ ಎಷ್ಟೇರಿತು, ಏನು ಕೆಟ್ಟಿತು. ಈಗ ಮನೆಯಲ್ಲಿ ನನ್ನ ಗೊಣಗಾಟ ಕೇಳುವವರು ಯಾರೂ ಇಲ್ಲ. ಗೊಣಗದಿದ್ದರೆ ಮನುಷ್ಯನಿಗೆ ತುಕ್ಕು ಹಿಡಿಯುತ್ತದೆ. ಅದಕ್ಕೇ ಈ ಬರವಣಿಗೆ.

ಡಿಸೆಂಬರಿನಲ್ಲಿ ನನ್ನ ಹೆಂಡತಿ ಸೆವಾಸ್ತಿ ಅಂಗಳ ತೊಳೆಯುತ್ತ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಹೆಲಿಕಾಪ್ಟರಿನಲ್ಲಿ ರೋಡ್ಸ್ ದ್ವೀಪದ ಆಸ್ಪತ್ರೆಗೆ ಒಯ್ದರು, ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಆ ಡಾಕ್ಟರಮ್ಮನ ಹೊಟ್ಟೆ ತಣ್ಣಗಿರಲಿ. ಆದರೆ ದಿನಾ ಕಾಲಿಗೆ ವ್ಯಾಯಾಮ ಮಾಡಿಸುವವರು ಬೇಕಂತೆ. ನಮ್ಮ ಪುಟ್ಟ ದ್ವೀಪ ಕಾಸೋಸಿನಲ್ಲಿ ಅಂಥವರಿಲ್ಲ, ಎದುರಿನ ದ್ವೀಪ ಕಾರ್ಪಥೋಸಿನಲ್ಲಿ ಇದ್ದಾರೆ. ಸೆವಾಸ್ತಿಯ ತವರು ಅದೇ. ಮೆನೆತೆಸ್ ಎಂಬ ಗುಡ್ಡದ ಊರಿನಲ್ಲಿ ಅವಳ ತಾಯಿಯ ಮನೆ ಇದೆ, ತಂಗಿ ಫೂಲಾ ಅಲ್ಲೇ ಇದ್ದಾಳೆ. ಹೊಸ ವರ್ಷಕ್ಕೆ ಅವಳನ್ನು ಅಲ್ಲಿ ಬಿಟ್ಟು ನಾನು ಹಡಗಿನಲ್ಲಿ ಮರಳಿ ಬಂದೆ. ನಮಗೆ ಮಕ್ಕಳಿಲ್ಲ. ಇಲ್ಲೀಗ ಕೋಳಿಗಳು ಮತ್ತು ನಾನು.

ಮಾಳಿಗೆ ಮೇಲೆ ನಿಂತರೆ ಕಾರ್ಪಥೋಸ್ ಕಾಣುತ್ತದೆ. ಹಡಗಿಗೆ ಒಂದೂವರೆ ತಾಸಿನ ದಾರಿ. ಆದರೆ ಈ ಗಾಳಿಯಲ್ಲಿ ಯಾವ ಹಡಗು ಬಂದೀತು? ಕೊನೆಗೆ ನಾಚಿಕೆ ಬಿಟ್ಟು ವಿಮಾನ ನಿಲ್ದಾಣಕ್ಕೆ ನಡೆದೆ. ಅಲ್ಲಿ ಟಿಕೆಟ್ ಕೊಡುವವನೂ ನಿಕಿತಾಸ್, ಪೆಟ್ಟಿಗೆ ತೂಗುವವನೂ ನಿಕಿತಾಸ್, ರನ್‌ವೇಗೆ ಮೇಕೆ ನುಗ್ಗಿದರೆ ಅಟ್ಟುವವನೂ ಅವನೇ. ಐವತ್ತರ ಗಂಡಸು, ಮೀಸೆ ದಪ್ಪ, ನಾಲಿಗೆ ಉದ್ದ.

"ಎಷ್ಟು ಹೊತ್ತಿನ ಪ್ರಯಾಣ?" ಎಂದೆ.

"ಕಾಗದದ ಮೇಲೆ ಹದಿನೈದು ನಿಮಿಷ, ಬಾರ್ಬಾ ಮಿನಾಸ್. ನಿಜ ಹೇಳ್ಬೇಕಂದ್ರೆ ಐದು. ಬೆನ್ನಿಗೆ ಗಾಳಿ ಇದ್ರೆ ಅದೂ ಇಲ್ಲ." ಊರಿನವರಿಗೆ ಮುದಿ ನಾವಿಕರೆಲ್ಲ ಬಾರ್ಬಾಗಳೇ.

"ಐದು ನಿಮಿಷಕ್ಕೆ ವಿಮಾನ ಯಾಕಯ್ಯಾ? ಕವಣೇಲಿಟ್ಟು ಎಸೆದ್ರೆ ಆಗಲ್ವಾ?"

"ನಿಮ್ಮ ತೂಕಕ್ಕೆ ಕವಣೆ ಎಲ್ಲಿಂದ ತರ್ಲಿ?"

ಶುಕ್ರವಾರಕ್ಕೆ ಟಿಕೆಟ್ ಬರೆದುಕೊಟ್ಟ. ಹನ್ನೆರಡು ತಾಸು ಹಾರಿ ಬ್ರೆಜಿಲಿನಲ್ಲಿ ಹಡಗು ಹತ್ತಿದವನು ನಾನು. ಕಣ್ಣೆದುರು ಕಾಣುವ ದ್ವೀಪಕ್ಕೆ ವಿಮಾನದಲ್ಲಿ ಹೋಗುವುದೆಂದರೆ ಪಕ್ಕದ ಮನೆಗೆ ಜೀಪಿನಲ್ಲಿ ಹೋದ ಹಾಗೆ.

ಜನವರಿ ೧೭, ಶುಕ್ರವಾರ

ಗಾಳಿ ವಾಯವ್ಯ, ನಾಲ್ಕು.

ಹೋಗಿ ಬಂದೆ. ಬೆಲ್ಟು ಹಾಕಿಕೊಂಡೆ. ಪಕ್ಕದಲ್ಲಿ ಕುಳಿತ ಮುದುಕಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳಲು ಶುರುಮಾಡಿದಳು. ನಾನು ಜೇಬಿನಿಂದ ಪೆಪ್ಪರಮಿಂಟು ತೆಗೆದು ಅದರ ಕಾಗದ ಬಿಡಿಸಿದೆ. ಬಾಯಿಗೆ ಹಾಕುವಷ್ಟರಲ್ಲಿ ಚಕ್ರ ನೆಲ ಮುಟ್ಟಿತು. ಮುದುಕಿಯ ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ. ವಿಮಾನ ನಿಂತ ಮೇಲೂ ಕುಳಿತು ಮುಗಿಸಿದಳು, ಗಗನಸಖಿ ಪಾಪ ಕಾದಳು. ಆಮೇಲೆ ಮೆನೆತೆಸ್ ಗುಡ್ಡ ಹತ್ತಲು ಟ್ಯಾಕ್ಸಿಗೆ ಅದರ ನಾಲ್ಕು ಪಟ್ಟು ಹೊತ್ತು ಹಿಡಿಯಿತು.

ಬಾಗಿಲು ತೆರೆದವಳು ಫೂಲಾ. "ಬಾ ಗಂಬ್ರೇ, ಆಕಾಶದಿಂದ ಉದುರಿದ್ಯಾ?" ಎಂದಳು. ನಮ್ಮ ಮಾತಿನಲ್ಲಿ ಮದುಮಗನಿಗೂ ಅಳಿಯನಿಗೂ ಭಾವನಿಗೂ ಅದೊಂದೇ ಪದ. ಫೂಲಾ ಕರೆದಾಗ ಮಾತ್ರ ಅದರಲ್ಲಿ ಮೂರೂ ಸೇರಿ ಒಂದು ಕುಟುಕು ಇರುತ್ತದೆ.

ಸೆವಾಸ್ತಿ ಒಲೆ ಪಕ್ಕ ಕುಳಿತಿದ್ದಳು. ಎದುರಿಗೆ ನಡೆದಾಡುವ ಚೌಕಟ್ಟು ಇತ್ತು. ನಾನು "ಹೇಗಿದೀಯ?" ಎಂದೆ. ಅವಳು "ಹೀಗಿದೀನಿ" ಎಂದಳು. ಅಷ್ಟೇ. ಮುಂದಿನ ಮಾತು ಹೊಳೆಯಲಿಲ್ಲ. ಅದಕ್ಕೆ ಕಾರಣ ಈ ವಿಮಾನವೇ. ಹಡಗಿನಲ್ಲಿ ಊರಿಗೆ ಮರಳುವಾಗ ಬಾಗಿಲಲ್ಲಿ ಏನು ಹೇಳಬೇಕೆಂದು ಯೋಚಿಸಲು ತಿಂಗಳುಗಟ್ಟಲೆ ಸಮಯ ಇರುತ್ತಿತ್ತು. ಹಾಗೆ ಯೋಚಿಸಿದ್ದನ್ನು ಹೇಳುತ್ತಿದ್ದೆನೋ ಇಲ್ಲವೋ, ಆ ಮಾತು ಬೇರೆ. ಇದರಲ್ಲಿ ಮಾತು ಕಾಸೋಸಿನಲ್ಲೇ ಉಳಿದು ಮನುಷ್ಯ ಮಾತ್ರ ಬಂದಿಳಿಯುತ್ತಾನೆ.

ಬಣ್ಣ ಚೆನ್ನಾಗಿದೆ ಅವಳದು. ಊಟ ಮಾಡುತ್ತಾಳೆ. ಫೂಲಾಗೆ ನಾನು ಋಣಿ, ನಾಲಿಗೆ ಎಷ್ಟೇ ಚೂಪಿರಲಿ.

ಜನವರಿ ೧೮

ಕೋಳಿಗಳು ಮೊಟ್ಟೆ ಇಟ್ಟಿಲ್ಲ. ಅವಳ ದನಿ ಕೇಳದೆ ಇಡುವುದಿಲ್ಲ ಎಂದು ಪಕ್ಕದ ಮನೆಯ ಕಲಿತ್ಸಾ ಹೇಳುತ್ತಾಳೆ. ಫೋನ್ ಮಾಡಿ ಗೂಡಿನ ಮುಂದೆ ಹಿಡಿಯಬೇಕಂತೆ. ನಾನು ನಕ್ಕೆ.

ಜನವರಿ ೨೦

ಫೋನ್ ಹಿಡಿದೆ. ಪ್ರಯೋಜನವಾಗಲಿಲ್ಲ. ಆದರೆ ಸೆವಾಸ್ತಿ ಬಹಳ ನಕ್ಕಳು.

ಜನವರಿ ೩೧, ಶುಕ್ರವಾರ

ಐದು ನಿಮಿಷದ ದಾರಿಗೆ ಒಂದು ಇಡೀ ದಿನ ಹಿಡಿಯಿತು. ಇದನ್ನು ಬರೆದಿಡಲೇಬೇಕು.

ಬುಧವಾರ ಹೊರಟಾಗ ಗಾಳಿ ಆರು ಇತ್ತು. ಕಾರ್ಪಥೋಸಿನ ರನ್‌ವೇ ಬಳಿ ಎಷ್ಟಿತ್ತೋ, ವಿಮಾನ ಒಂದು ಸಲ ಇಳಿಯಲು ನೋಡಿ ಮತ್ತೆ ಮೇಲೆದ್ದಿತು. ಸುತ್ತಿ ಬಂದು ಮತ್ತೆ ನೋಡಿತು, ಮತ್ತೆ ಎದ್ದಿತು. ಕಿಟಕಿಯಲ್ಲಿ ಮೆನೆತೆಸ್ ಕಾಣುತ್ತಿತ್ತು, ಬೆಟ್ಟದ ಅಂಚಿನ ಚರ್ಚು ಕಾಣುತ್ತಿತ್ತು. ಚರ್ಚಿನ ಹಿಂದಿನ ಮನೆಯೇ ಅವರದು. ಮೂರನೆಯ ಸಲವೂ ಆಗದೆ ಪೈಲಟ್ ನೆಟ್ಟಗೆ ರೋಡ್ಸಿಗೆ ಹೊಡೆದ. ಹೆಂಡತಿಯ ಮನೆಯ ಮಾಳಿಗೆ ಮೇಲೆ ಹಾದು ಎಲ್ಲೋ ದೂರದ ಊರಿಗೆ ಹೋಗಿ ಬಿದ್ದೆ.

ಹತ್ತು ಬೊಫೋರಿನಲ್ಲಿ ಅಟ್ಲಾಂಟಿಕ್ ದಾಟಿದವನು ನಾನು. ಆಗ ಇಷ್ಟು ಹೆದರಿದ ನೆನಪಿಲ್ಲ. ಆಗ ಕೈಯಲ್ಲಿ ಕೆಲಸ ಇರುತ್ತಿತ್ತು, ಇಲ್ಲಿ ಬರೀ ಬೆಲ್ಟು ಇತ್ತು. ಪಕ್ಕದಲ್ಲಿದ್ದ ಶಾಲೆಯ ಟೀಚರಮ್ಮ ನನ್ನ ಕೈ ಹಿಡಿದುಕೊಂಡಳು. "ನನಗೆ ಭಯ ಆಗ್ತಿದೆ ತಾತ, ಸ್ವಲ್ಪ ಹಿಡ್ಕೊಳ್ತೀರಾ?" ಎಂದಳು. ಅವಳಿಗೆ ಭಯವೇ ಇರಲಿಲ್ಲ, ಕೈ ಬೆಚ್ಚಗಿತ್ತು. ಮುದುಕನ ಮಾನ ಉಳಿಸಿದಳು. ರೋಡ್ಸಿನಲ್ಲಿ ತನ್ನ ಪಾಲಕ್ ಕಡುಬು ಮುರಿದು ಅರ್ಧ ನನಗೆ ಕೊಟ್ಟಳು. ಹೆಸರು ಕೇಳಲು ಮರೆತೆ. ದೇವಮಾತೆಗೆ ಗೊತ್ತಿರುತ್ತದೆ, ಕಾಪಾಡಲಿ.

ಮರುದಿನ ರೋಡ್ಸಿನಿಂದ ಬಂದು ಇಳಿದೆ. ಸೆವಾಸ್ತಿ ಹೇಳಿದಳು: "ಸದ್ದು ಕೇಳಿ ಮಾಳಿಗೆ ಮೇಲೆ ಬಂದೆ. ಫೂಲಾ ಹಿಡ್ಕೊಂಡಿದ್ದಳು. ಮೂರು ಸಲ ಸುತ್ತಿದ್ರಲ್ಲ, ಮೂರು ಸಲಾನೂ ಕೈ ಬೀಸಿದೆ. ಕಾಣಿಸ್ತಾ?"

ಕಾಣಿಸಿರಲಿಲ್ಲ. ಕಾಣಿಸಿತು ಎಂದೆ.

"ಸುಳ್ಳುಗಾರ. ನೀನು ಕಣ್ಣು ಮುಚ್ಚಿ ಕೂತಿರ್ತೀಯ."

ಇಳಿಸದೆ ಹೋದ ಆ ಪೈಲಟ್‌ಗೂ ನಮಸ್ಕಾರ. ಇಳಿಸಿಯೇ ತೀರುತ್ತೇನೆ ಎನ್ನುವ ಕಪ್ತಾನರನ್ನು ನಾನು ನೋಡಿದ್ದೇನೆ.

ಆದರೆ ಒಂದು ಮಾತು. ಮಾಳಿಗೆ ಹತ್ತಿದಳು ಎಂದರೆ ಮೆಟ್ಟಿಲು ಹತ್ತಿದಳು. ನನಗೆ ಆಗ ಹೊಳೆಯಲೇ ಇಲ್ಲ.

ಫೆಬ್ರವರಿ ೯, ಭಾನುವಾರ

ಗಾಳಿ ಇಲ್ಲ. ಕಡಲು ಎಣ್ಣೆ ಹರಡಿದ ಹಾಗೆ. ಇಂಥ ದಿನ ಮನಸ್ಸು ಹಗುರಾಗಬೇಕಿತ್ತು.

ಮೆನೆತೆಸ್ ತಲುಪಿದಾಗ ಬಾಗಿಲ ಹೊರಗೇ ನಗು ಕೇಳಿಸಿತು. ಒಳಗೆ ಬೀದಿಯ ಹೆಂಗಸರೆಲ್ಲ ಸೇರಿ ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತುತ್ತಿದ್ದರು, ನಡುವೆ ಸೆವಾಸ್ತಿ. ಅವಳು ನಮ್ಮ ಕಾಸೋಸಿನ ಹಾಗೆ ಕಿರುಬೆರಳಿನ ತುದಿಯಷ್ಟು ಸಣ್ಣಗೆ ಸುತ್ತುತ್ತಾಳೆ. ಅಲ್ಲಿಯವರು ಗೇಣುದ್ದ ಸುತ್ತುತ್ತಾರೆ.

"ನಿಮ್ಮೂರಲ್ಲಿ ಇದನ್ನ ತಿನ್ನೋಕೆ ಕನ್ನಡಕ ಬೇಕೇನೋ!" ಎಂದಳು ಒಬ್ಬಳು.

"ನಿಮ್ಮೂರಲ್ಲಿ ಗರಗಸ ಬೇಕು," ಎಂದಳು ಸೆವಾಸ್ತಿ.

ಮತ್ತೆ ನಗು. ನಮ್ಮ ಮನೆಯಲ್ಲಿ ಅವಳು ಹೀಗೆ ನಕ್ಕದ್ದು ಯಾವಾಗ? ನೆನಪು ಮಾಡಿಕೊಳ್ಳಲು ನೋಡಿದೆ. ನಗುತ್ತಿದ್ದಿರಬಹುದು, ನಾನು ಆಗ ಯಾವುದೋ ಕಡಲಿನಲ್ಲಿ ಇದ್ದಿರಬೇಕು.

ಫೂಲಾ ಕಾಫಿ ತಂದಿಟ್ಟು ಹೇಳಿದಳು, "ಈಸ್ಟರ್‌ವರೆಗೆ ಇರ್ಲಿ ಗಂಬ್ರೇ. ಈಸ್ಟರ್ ಆದ್ಮೇಲೆ ತಾನೇ ಯಾಕೆ ಹೋಗ್ಬೇಕು? ಮನೆ ಯಾರದು? ಅವಳದೇ."

ಅದು ನಿಜ. ಕಾರ್ಪಥೋಸಿನಲ್ಲಿ ಹಿರಿಯ ಮಗಳಿಗೆ ತಾಯಿಯ ಮನೆ ಸಲ್ಲುತ್ತದೆ. ಅವಳನ್ನು ಕನಕಾರಾ ಅನ್ನುತ್ತಾರೆ. ಗಂಡನಾದವನು ಬಂದು ಅವಳ ಮನೆಯಲ್ಲಿ ಇರಬೇಕು. ಕಿರಿಯವಳಿಗೆ ಉಳಿಯುವುದು ಏನೂ ಇಲ್ಲ, ಎಷ್ಟೋ ಸಲ ಮದುವೆಯೂ ಇಲ್ಲ, ಫೂಲಾಗೆ ಆದ ಹಾಗೆ. ಮದುವೆ ಮಾತಿನ ದಿನ ಸೆವಾಸ್ತಿಯ ತಂದೆ ಮನೆಯ ಕೀಲಿಕೈ ಮೇಜಿನ ಮೇಲೆ ಇಟ್ಟಾಗ ನಾನು ಮುಟ್ಟಲಿಲ್ಲ. "ಮನೆಯಳಿಯ ಆಗೋಕೆ ನಾನೇನು ಬೀದೀಲಿ ಬಿದ್ದಿದೀನಾ?" ಎಂದೆ. ಅವಳೇ ಎದ್ದು ನನ್ನ ಜೊತೆ ಕಾಸೋಸಿಗೆ ಬಂದಳು. ಕನಕಾರಾ ಒಬ್ಬಳು ಮನೆ ಬಿಟ್ಟು ಬಂದದ್ದು ಆಗ ಎರಡೂ ದ್ವೀಪಗಳಲ್ಲಿ ದೊಡ್ಡ ಸುದ್ದಿ.

ಈಗ ಅವಳು ತನ್ನ ಮನೆಯಲ್ಲಿದ್ದಾಳೆ. ನಗುತ್ತಿದ್ದಾಳೆ. ಬರದೆ ಹೋದರೆ?

ಇದನ್ನು ಬರೆದು ನೋಡಿದರೆ ಇನ್ನೂ ಭಯವಾಗುತ್ತದೆ.

ಫೆಬ್ರವರಿ ೧೦

ಗಾಳಿ ಏಳು. ಏನೂ ಬರೆಯುವುದಿಲ್ಲ.

ಫೆಬ್ರವರಿ ೨೨, ಶನಿವಾರ

ಹೊರಗಿನ ಮೆಟ್ಟಿಲಿಗೆ ಕಬ್ಬಿಣದ ಕೈಹಿಡಿ ಹಾಕಿಸಿದೆ. ಹಾಕಿಸಿದೆ ಏನು, ನಾನೇ ಬೆಸುಗೆ ಹಾಕಿದೆ. ಕಲಿತ್ಸಾಳ ಗಂಡ ಹಿಡಿದುಕೊಂಡ. ಮಂಚವನ್ನು ಕೆಳಗಿನ ಕೋಣೆಗೆ ಇಳಿಸಿದೆವು. ಅಂಗಳದ ನುಣುಪು ಕಲ್ಲುಗಳನ್ನು ಕೊರೆದು ಒರಟು ಮಾಡಿದೆ. ದುಡಿದ ದಿನ ಗಾಳಿ ಎಷ್ಟಿತ್ತು ಎಂದು ನೋಡಲೇ ಇಲ್ಲ.

ಕಲಿತ್ಸಾ ಹಿಟ್ಟು ಹೊಸೆದು ಬೇಯಿಸಿದ ಬಿಸಿ ಮಕರೂನೆ ತಂದಳು, ಮೇಲೆ ಕೆಂಪಗೆ ಹುರಿದ ಈರುಳ್ಳಿ. ನಾನು ಮೊನ್ನೆ ಮಾಡಿದ್ದು ಕರಕಲಾಗಿತ್ತು, ಹೊಗೆ ಅವಳ ಕಿಟಕಿಗೆ ಹೋಗಿರಬೇಕು. "ಸೆವಾಸ್ತಿ ಬರೋದು ಯಾವಾಗ?" ಎಂದಳು.

"ಅವಳನ್ನೇ ಕೇಳು."

"ನೀವು ಕೇಳಿಲ್ವಾ?"

"ಅದರಲ್ಲಿ ಕೇಳೋದೇನಿದೆ? ಕಾಲು ನೆಟ್ಟಗಾದ್ರೆ ಬರ್ತಾಳೆ."

ಕಲಿತ್ಸಾ ಗಂಡನ ಮುಖ ನೋಡಿದಳು. ಒಳ್ಳೆಯ ಜನ ಇಬ್ಬರೂ. ಇವರಿಲ್ಲದಿದ್ದರೆ ಈ ಚಳಿಗಾಲ ನಾನು ದಾಟುತ್ತಿರಲಿಲ್ಲ.

ಮಾರ್ಚ್ ೩, ಶುದ್ಧ ಸೋಮವಾರ

ಈಸ್ಟರಿಗೆ ಮುಂಚಿನ ಉಪವಾಸದ ಮೊದಲ ದಿನ, ಊರೆಲ್ಲ ಗಾಳಿಪಟ. ನಿಕಿತಾಸ್ ರನ್‌ವೇ ಕಡೆ ಒಂದೂ ಬರದ ಹಾಗೆ ಬೈಯುತ್ತ ನಿಂತಿದ್ದ. ನಾನು ಎಳ್ಳಿನ ಚಪ್ಪಟೆ ರೊಟ್ಟಿ ಮತ್ತು ಹಲ್ವ ತೊಡೆಯ ಮೇಲೆ ಇಟ್ಟುಕೊಂಡು ಹಾರಿದೆ. ಈ ಸಲ ಕಣ್ಣು ತೆರೆದೇ ಕುಳಿತಿದ್ದೆ. ಕೆಳಗೆ ಕಡಲು ಎಷ್ಟು ನೀಲಿಯಾಗಿತ್ತು! ಎಂಜಿನ್ ಕೋಣೆಯಲ್ಲಿ ಇದ್ದವನಿಗೆ ಕಡಲು ಕಂಡದ್ದೇ ಕಡಿಮೆ.

ಮೆನೆತೆಸ್‌ನಲ್ಲಿ ಉದ್ದನೆಯ ಮೇಜು, ನೆರೆಯವರೆಲ್ಲ ಇದ್ದರು. ಊಟದ ನಂತರ ಲೀರಾ ವಾದ್ಯ ಹೊರಬಂತು, ಜೋಡಿಸಾಲು ಹಾಡುವುದು ಶುರುವಾಯಿತು. ನಮ್ಮ ದ್ವೀಪಗಳಲ್ಲಿ ಮುಖಕ್ಕೆ ಹೇಳಲಾಗದ್ದನ್ನು ಎರಡು ಸಾಲಿನಲ್ಲಿ ಹಾಡಿಬಿಡುತ್ತಾರೆ. ಪ್ರತಿಯೊಬ್ಬರೂ ಆಗಿಂದಾಗ ಕಟ್ಟಿ ಹಾಡಬೇಕು, ಯಾರ ಮೇಲೆ ಹಾಡಿದರೋ ಅವರು ಹಾಡಿಯೇ ಉತ್ತರ ಕೊಡಬೇಕು. ನನಗೆ ಈ ವಿದ್ಯೆ ಒಲಿಯಲಿಲ್ಲ. ನನ್ನ ಸರದಿ ಬಂದಾಗ ನಾನು ರೊಟ್ಟಿ ಹಂಚುತ್ತೇನೆ. ಎಲ್ಲರಿಗೂ ಗೊತ್ತು.

ಸೆವಾಸ್ತಿ ಹಾಡಿದಳು. ಮದುವೆಯಾದ ಮೇಲೆ ನಾನು ಅವಳ ಹಾಡು ಕೇಳಿರಲಿಲ್ಲ. ದನಿ ಮೊದಲು ನಡುಗಿತು, ಆಮೇಲೆ ಸ್ಥಿರವಾಯಿತು.

ಕಡಲ ದಾಟೋ ಹಕ್ಕಿಗೆ ಐದೇ ನಿಮಿಷ ಸಾಕು,
ತುಟಿಯ ದಾಟೋ ಮಾತಿಗೆ ಎಷ್ಟು ವರುಷ ಬೇಕು?

ನನಗೆ ಕೂಡಲೇ ಅರ್ಥವಾಯಿತು. ಎದುರಿಗೆ ಬೇಕರಿಯ ಸೊಫಿಲ್ಲಾಸ್ ಕುಳಿತಿದ್ದ. ಹರೆಯದಿಂದಲೂ ಅವನಿಗೆ ಫೂಲಾ ಮೇಲೆ ಮನಸ್ಸು, ಬಾಯಿ ಬಿಟ್ಟು ಕೇಳಲಿಲ್ಲ, ಇಬ್ಬರೂ ಹಾಗೇ ಉಳಿದರು. ತಂಗಿಯ ಪರವಾಗಿ ಅಕ್ಕ ಕುಟುಕಿದಳು. ಯಾರೂ ಉತ್ತರ ಕೊಡದೆ ಇದ್ದದ್ದು ನೋಡಿ ನಾನೇ ಅವನ ಬೆನ್ನು ತಟ್ಟಿದೆ. "ಕೇಳಿಸ್ತೇನಯ್ಯಾ ಸೊಫಿಲ್ಲಾಸ್? ಉತ್ತರ ಕೊಡು, ಗಂಡಸಲ್ವಾ ನೀನು!"

ಅವನು ಕೆಂಪಾದ. ಫೂಲಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮೇಜಿಗೆ ಮೇಜೇ ಬಿದ್ದು ಬಿದ್ದು ನಕ್ಕಿತು. ಸೆವಾಸ್ತಿಯೂ ನಕ್ಕಳು, ಕಣ್ಣೊರೆಸಿಕೊಂಡಳು. ಒಳ್ಳೆಯ ಹಬ್ಬ. ಇಷ್ಟು ಜನ ನಗುವ ಮೇಜಿನಲ್ಲಿ ನನಗೂ ಒಂದು ಕುರ್ಚಿ ಇತ್ತು, ಸಂತೋಷ.

ಮಾರ್ಚ್ ೭, ಶುಕ್ರವಾರ

ನಿಲ್ದಾಣಕ್ಕೆ ಹೋಗಿ ನಿಕಿತಾಸ್‌ಗೆ ಬೇಕರಿಯವನ ಕಥೆ ಹೇಳಿದೆ. ಹೊಟ್ಟೆ ಹುಣ್ಣಾಗುವಂತೆ ನಗುತ್ತಾನೆ ಎಂದುಕೊಂಡಿದ್ದೆ. ಅವನು ಮೀಸೆ ತಿರುವುತ್ತ ಕೇಳಿದ:

"ಬಾರ್ಬಾ, ಆ ಸೊಫಿಲ್ಲಾಸ್ ಅಂಗಡಿ ಎಲ್ಲಿದೆ?"

"ಫೂಲಾ ಮನೆ ಪಕ್ಕದ ಬೀದೀಲಿ."

"ಮತ್ತೆ ಅವನು ಕಡಲು ಯಾಕೆ ದಾಟ್ಬೇಕು?"

ನಾನು ಕಾರ್ಪಥೋಸಿನ ಕಡೆ ತಿರುಗಿ ನೋಡಿದೆ.

"ಹೋಗಿ ಕಾಫಿ ಕುಡೀರಿ," ಎಂದ ನಿಕಿತಾಸ್, ಬಹಳ ಮೆತ್ತಗೆ.

ಕಾಫಿ ಕುಡಿಯಲಿಲ್ಲ. ಮನೆಗೆ ಬಂದು ಕೈಹಿಡಿ ಹಾಕಿದ ಮೆಟ್ಟಿಲ ಮೇಲೆ ಕುಳಿತೆ. ಅವಳು ಬರುತ್ತಾಳೆ ಎಂದು ಕಬ್ಬಿಣ ಬೆಸೆದೆ, ಮಂಚ ಇಳಿಸಿದೆ, ಕಲ್ಲು ಕೊರೆದೆ. ಬಾ ಎಂದು ಮಾತ್ರ ಕೇಳಲಿಲ್ಲ. ಎದುರು ಕುಳಿತು ಬೇಕರಿಯವನ ಬೆನ್ನು ತಟ್ಟಿದೆ. ಕತ್ತೆಗೂ ನನಗೂ ಕಿವಿಯಷ್ಟೇ ವ್ಯತ್ಯಾಸ.

ಮಾರ್ಚ್ ೧೩, ಗುರುವಾರ

ಫೋನಿನಲ್ಲಿ ಕೇಳಬೇಕೆಂದು ಮೂರು ಸಲ ಕೈ ಹಾಕಿದೆ. ಪ್ರತಿ ಸಲ ಕೋಳಿಯ ವಿಷಯ ಮಾತಾಡಿ ಇಟ್ಟೆ.

ಇಷ್ಟು ದಿನ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಬಾ ಎಂದು ಕೇಳಲು ನನಗೆ ಯಾವ ಮುಖ ಇದೆ? ಅವಳು ಒಂದು ಸಲ ಬಂದಾಯಿತು, ಮನೆ ಬಿಟ್ಟು, ಊರು ಬಿಟ್ಟು. ಒಬ್ಬರೇ ಎಷ್ಟು ಸಲ ದಾಟಬೇಕು? ಈ ಸಲ ನಾನೇ ಹೋಗುತ್ತೇನೆ. ಎಪ್ಪತ್ತು ದಾಟಿದ ಮನೆಯಳಿಯ. ಊರು ನಗಲಿ. ಫೂಲಾ ಬಾಗಿಲಲ್ಲೇ ಗಂಬ್ರೇ ಎನ್ನಲಿ, ನೂರು ಸಲ ಎನ್ನಲಿ. ಅಲ್ಲಿ ಸೆವಾಸ್ತಿ ನಗುತ್ತಾಳೆ. ಅದು ಕೇಳಿಸುವ ಮನೆಯಲ್ಲಿ ಇದ್ದರೆ ಸಾಕು.

ಬರೆದು ಮುಗಿಸಿದಾಗ ಎದೆ ಹಗುರಾಯಿತು. ಎಷ್ಟು ಹಸಿವಾಯಿತೆಂದರೆ ಎರಡು ತಟ್ಟೆ ಬೇಳೆ ಸಾರು ಉಂಡೆ. ನಾನೇ ಮಾಡಿದ್ದು. ಕರಕಲಾಗಿರಲಿಲ್ಲ.

ಮಾರ್ಚ್ ೨೦, ಗುರುವಾರ

ಕೋಳಿಗಳನ್ನು ಕಲಿತ್ಸಾಗೆ ಒಪ್ಪಿಸುವ ಮಾತಾಯಿತು. ಗುಟ್ಟು ಹೊರಗೆ ಬಿಡಬೇಡ ಎಂದೆ. ಅವಳು ಅತ್ತಳು, ಆಮೇಲೆ ಗೂಡನ್ನೂ ಕೊಡುತ್ತೀರಾ ಎಂದು ಕೇಳಿದಳು. ಕೊಟ್ಟೆ.

ನಿಕಿತಾಸ್ ಬಳಿ ಹೋಗಿ, "ಒಂದು ಟಿಕೆಟ್. ಹೋಗೋದು ಮಾತ್ರ," ಎಂದೆ.

"ವಾಪಸ್ಸು?"

"ಬೇಡ. ಬರೋ ಸೋಮವಾರಕ್ಕೆ ಕೊಡು."

ಅವನು ಕಂಪ್ಯೂಟರ್ ನೋಡಿದ. ನನ್ನನ್ನು ನೋಡಿದ. ಮತ್ತೆ ಕಂಪ್ಯೂಟರ್ ನೋಡಿ ಕೆಮ್ಮಿದ. "ಸೋಮವಾರ ಜಾಗ ಇಲ್ಲ, ಬಾರ್ಬಾ."

"ಬುಧವಾರ?"

"ಬುಧವಾರಾನೂ ಇಲ್ಲ. ಇಪ್ಪತ್ತೆಂಟು, ಶುಕ್ರವಾರ. ಅದು ಒಳ್ಳೆ ವಿಮಾನ."

"ಒಳ್ಳೇದು ಕೆಟ್ಟದ್ದು ಏನಯ್ಯಾ, ಇರೋದು ಅದೊಂದೇ ಅಲ್ವಾ? ಅಲ್ಲಿಂದ ಬರುತ್ತೆ, ಅದೇ ತಿರುಗಿ ಹೋಗುತ್ತೆ."

"ಹೌದೌದು," ಎಂದು ಅವನು ಮೀಸೆಯೊಳಗೆ ಏನೋ ನುಂಗಿಕೊಂಡ.

ಸೆವಾಸ್ತಿಗೆ ಫೋನ್ ಮಾಡಿ, ಬೇಕೆಂದೇ ಕೆಮ್ಮಿದೆ, ಎರಡು ವಾರ ಬರುವುದಿಲ್ಲ ಎಂದೆ. ಏಕಾಏಕಿ ಹೋಗಿ ಬಾಗಿಲು ತಟ್ಟುವ ಆಸೆ. ಅವಳು ಬೇಸರ ಮಾಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. "ಸರಿ, ಬರಬೇಡ, ನನಗೂ ಇಲ್ಲಿ ಕೆಲಸ ಇದೆ," ಎಂದಳು. ಸ್ವಲ್ಪ ನೋವಾಯಿತು. ಏನು ಕೆಲಸವೋ.

ಮಾರ್ಚ್ ೨೭

ಮನೆಯ ಎಲ್ಲ ಕಿಟಕಿ ಮುಚ್ಚಿದೆ. ಈ ಗೋಡೆಗಳಿಗೂ ಒಂದು ನಮಸ್ಕಾರ ಹೇಳಿದೆ, ಗಟ್ಟಿಯಾಗಿಯೇ. ನಾನು ಎಲ್ಲೋ ಇದ್ದಾಗ ಅವಳನ್ನು ಮಳೆ ಗಾಳಿಯಿಂದ ಕಾದವು ಇವೇ ಅಲ್ಲವೆ?

ಮಾರ್ಚ್ ೨೮, ಶುಕ್ರವಾರ

ಪೆಟ್ಟಿಗೆ ಹಿಡಿದು ಬೇಲಿಯ ಬಳಿ ನಿಂತಿದ್ದೆ. ಒಳಗೆ ಕುಳಿತಿರುತ್ತೇನೆ ಎಂದರೆ ನಿಕಿತಾಸ್ ಬಿಡಲಿಲ್ಲ. "ಹೊರಗೆ ಬಿಸಿಲಿದೆ, ಇಲ್ಲೇ ನಿಲ್ಲಿ," ಎಂದು ತೋಳು ಹಿಡಿದು ನಿಲ್ಲಿಸಿದ. ಮದುವೆಯ ಕೋಟು ಹಾಕಿಕೊಂಡಿದ್ದೆ. ಗುಂಡಿ ಬೀಳಲಿಲ್ಲ, ಬಿಟ್ಟೆ.

ವಿಮಾನ ಇಳಿಯಿತು. ಬಾಗಿಲು ತೆರೆಯಿತು. ಮೊದಲು ಅಂಚೆಯವನು ಇಳಿದ, ಆಮೇಲೆ ಇಬ್ಬರು ಸೈನಿಕರು ಇಳಿದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಇಲ್ಲ. ನಾನು ಪೆಟ್ಟಿಗೆ ಎತ್ತಿಕೊಂಡೆ. ಆಗ ಬಾಗಿಲಲ್ಲಿ ಒಂದು ಊರುಗೋಲು ಕಾಣಿಸಿತು, ಅದರ ಹಿಂದೆ ಹಬ್ಬದ ನೀಲಿ ಕೋಟು. ಗಗನಸಖಿ ಕೈ ಚಾಚಿದಳು, ಆ ಕೋಟಿನವಳು ಬೇಡ ಎಂದಳು. ಒಂದೊಂದೇ ಮೆಟ್ಟಿಲು ಇಳಿದಳು, ತಾನೇ, ತುಟಿ ಕಚ್ಚಿಕೊಂಡು.

ಸೆವಾಸ್ತಿ.

ಅವಳೇ ಹತ್ತಿರ ಬಂದಳು. ಕೋಟು ನೋಡಿದಳು, ಪೆಟ್ಟಿಗೆ ನೋಡಿದಳು, ಮುಖ ಬಿಳಿಚಿಕೊಂಡಿತು.

"ಎಲ್ಲಿಗೆ ಹೊರಟೆ, ಮಿನಾಸ್? ಮತ್ತೆ ಹಡಗಿಗಾ?"

"ನಿನ್ನ ಮನೆಗೆ," ಎಂದೆ. "ಮನೆಯಳಿಯನಾಗಿ."

ಅವಳು ನನ್ನ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

"ಈ ಮೆಟ್ಟಿಲು ಇಳಿಯೋದು ಕಲೀಲಿಕ್ಕೆ ಎರಡು ವಾರ ಚರ್ಚಿನ ಮೆಟ್ಟಿಲ ಮೇಲೆ ಹತ್ತಿ ಇಳಿದಿದೀನಿ ಕಣೋ! ಬರಬೇಡ ಅಂದದ್ದು ಅದಕ್ಕೇ. ಮನೆ ಕೀಲಿಕೈನ ಫೂಲಾ ಕೈಲಿಟ್ಟು ಬಂದೆ. ಅವಳೂ ಎಷ್ಟು ದಿನ ಅಕ್ಕನ ಮನೇಲಿರೋದು?"

ನಿಕಿತಾಸ್ ಬಂದ. ಮೀಸೆಯ ಕೆಳಗೆ ಹಲ್ಲೆಲ್ಲ ಕಾಣುತ್ತಿತ್ತು. "ಬಾರ್ಬಾ, ಬಾಗಿಲು ಹಾಕ್ತಾರೆ. ಹತ್ತೋದಾದ್ರೆ ಹತ್ತಿ."

"ನಿನಗೆ ಗೊತ್ತಿತ್ತು!"

"ಪ್ರಯಾಣಿಕರ ಹೆಸರು ಹೊರಗೆ ಹೇಳೋ ಹಾಗಿಲ್ಲ. ಕಾನೂನು."

"ಸೋಮವಾರ ಜಾಗ ಇರ್ಲಿಲ್ಲ ಅಂದೆಯಲ್ಲ?"

"ಸೋಮವಾರ ಪೂರ್ತಿ ಖಾಲಿ ಹೋಯ್ತು. ಅದರ ಪಾಪ ನನ್ನ ತಲೆ ಮೇಲಿರ್ಲಿ."

ಇವನಿಗೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದೆ ಬೈದೆ. ಅವನಿಗೆ ಅರ್ಥವಾಯಿತು.

ಸೆವಾಸ್ತಿ ಎದ್ದಳು. "ಪೆಟ್ಟಿಗೆ ಕಟ್ಟಿದ್ದು ದಂಡ ಆಗ್ಬಾರ್ದು. ಆಗಸ್ಟ್‌ನಲ್ಲಿ ಹೋಗೋಣ, ದೇವಮಾತೆ ಹಬ್ಬಕ್ಕೆ. ಒಂದು ತಿಂಗಳು ಮನೆಯಳಿಯ ಆಗಿರು. ಫೂಲಾ ಬಾಯಿಗೆ ನೀನೂ, ನಿನ್ನ ಬಾಯಿಗೆ ಅವಳೂ."

ಬೇಲಿಯಿಂದ ನಿಲ್ದಾಣದ ಬಾಗಿಲಿಗೆ ಎಷ್ಟು ದೂರ? ನಾನು ಎಷ್ಟೋ ಸಲ ಸರಸರ ನಡೆದಿದ್ದೇನೆ, ಲೆಕ್ಕಕ್ಕೇ ಇಟ್ಟಿರಲಿಲ್ಲ. ಇವತ್ತು ಅವಳ ಹೆಜ್ಜೆಗೆ ಹೆಜ್ಜೆ ಹಾಕಿದೆ. ಊರುಗೋಲು, ಒಂದು ಕಾಲು, ಇನ್ನೊಂದು ಕಾಲು. ಹಿಂದೆ ವಿಮಾನ ಓಡಿ ಎದ್ದಿತು, ಕಡಲಿನ ಮೇಲೆ ಹೊರಳಿತು. ನಾವು ಇನ್ನೂ ಅರ್ಧ ದಾರಿಯಲ್ಲಿದ್ದೆವು. ನಡುವೆ ಒಂದು ಸಲ ನಿಂತಳು, ಉಸಿರು ತೆಗೆದುಕೊಂಡಳು. ಯೋಚಿಸಲು ಬೇಕಾದಷ್ಟು ಹೊತ್ತು ಸಿಕ್ಕಿತು ನನಗೆ. ದೇವಮಾತೆ ದೊಡ್ಡವಳು.

"ನೀನಿಲ್ದೆ ನನ್ನ ಕೈಲಿ ಆಗಲ್ಲ, ಸೆವಾಸ್ತಿ," ಎಂದೆ. "ಮನೆಗೆ ಬರ್ತೀಯಾ?"

ಅವಳು ನೇರ ಮುಂದೆ ನೋಡುತ್ತ ಒಂದು ಹೆಜ್ಜೆ ಹಾಕಿದಳು, ಇನ್ನೊಂದು ಹಾಕಿದಳು.

"ಏನಂದೆ? ವಿಮಾನದ ಸದ್ದಿಗೆ ಕೇಳಿಸ್ಲಿಲ್ಲ. ಇನ್ನೊಂದು ಸಲ ಹೇಳು."

ವಿಮಾನ ಆಗಲೇ ಕಾರ್ಪಥೋಸಿನಲ್ಲಿ ಇಳಿದಾಗಿತ್ತು. ನಾನು ಇನ್ನೊಂದು ಸಲ ಹೇಳಿದೆ.